ಕರಿ ಬಟ್ಟೆಯವಳ ಒಪ್ಪಿಗೆ

ಎಂಡಾಂಟ್ಸಾನೆ,
ಈಸ್ಟ್ ಲಂಡನ್
ಭಾನುವಾರ, 26 ಮೇ 1996

ಪ್ರೀತಿಯ ನೊಬಾಂಟು ಅತ್ತಿಗೆಗೆ,

ನಿಮ್ಮ ನೊಝಮೀಲೆಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಇಲ್ಲಿ ಚಳಿ ಶುರುವಾಗಿದೆ. ನಿಮ್ಮ ಕಡೆ ಗುಡ್ಡದ ಗಾಳಿ ಬೇರೆ, ಇನ್ನೂ ಹೆಚ್ಚಿರಬೇಕು. ಬೆಳಿಗ್ಗೆ ಕುರಿ ಬಿಡಲು ನೀವೇ ಹೋಗಬೇಡಿ, ಯಾರಿಗಾದರೂ ಹೇಳಿ. ನಾನು ಆರೋಗ್ಯವಾಗಿದ್ದೇನೆ. ಹೊಲಿಗೆ ಕಾರ್ಖಾನೆಯಲ್ಲಿ ನನ್ನನ್ನು ಹಿಂದಿನ ಸಾಲಿನ ಮಷೀನಿಗೆ ಹಾಕಿದ್ದಾರೆ. ಸೂತಕದ ಕರಿ ಬಟ್ಟೆಯವಳ ಪಕ್ಕ ಕೂತರೆ ದಾರ ಕಡಿಯುತ್ತದೆ ಎಂದು ಹುಡುಗಿಯರು ಮಾತಾಡಿಕೊಳ್ಳುತ್ತಾರೆ. ಬೇಜಾರಿಲ್ಲ, ಅಲ್ಲಿ ಕಿಟಕಿ ಇದೆ.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸಬೇಕು. ಕೆಲಸ ಹೆಚ್ಚಿತ್ತು ಎಂದು ಬರೆದರೆ ಸುಳ್ಳಾದೀತು. ನನಗೀಗ ಸಂಜೆ ಪೂರ್ತಿ ಬಿಡುವು. ನೀವು ಹೇಳಿದ ಹಾಗೆ ಹೊತ್ತು ಮುಳುಗುವ ಮೊದಲೇ ಮನೆ ಸೇರುತ್ತೇನೆ, ಬಾಗಿಲು ಹಾಕುತ್ತೇನೆ, ಒಬ್ಬಳಿಗಾಗುವಷ್ಟು ಬೇಯಿಸಿಕೊಳ್ಳುತ್ತೇನೆ. ಒಬ್ಬಳಿಗಾಗುವಷ್ಟು ಎಂದರೆ ಎಷ್ಟು ಎಂಬುದು ಇನ್ನೂ ಕೈಗೆ ಬಂದಿಲ್ಲ, ದಿನಾ ಮಿಗುತ್ತದೆ. ಎಷ್ಟೋ ಸಲ ಹಾಳೆ ತೆಗೆದು ನಿಮ್ಮ ಹೆಸರು ಬರೆದು ಮಡಿಸಿಟ್ಟಿದ್ದೇನೆ. ನಿಮ್ಮ ಕಾಗದದಲ್ಲಿದ್ದ ಪ್ರಶ್ನೆಗೆ ಉತ್ತರ ಬರೆಯುವುದು ಹೇಗೆಂದು ತಿಳಿಯದೆ ಹೀಗಾಯಿತು.

‘ನನ್ನ ತಮ್ಮನ ಮೇಲೆ ಹಾಕಿದ ಮಣ್ಣು ಇನ್ನೂ ಆರಿಲ್ಲ, ಅವನ ಮಗಳನ್ನ ಬಿಳಿಯರ ಮನೆಗೆ ಕೊಟ್ಟುಬಿಟ್ಟೆಯಂತೆ. ಏನಕ್ಕೆ? ಕಸ ಗುಡಿಸೋಕಾ, ಕಕ್ಕಸು ತೊಳೆಯೋಕಾ? ಅದೆಲ್ಲ ನಮ್ಮ ಕಾಲಕ್ಕೇ ಮುಗೀತು ಅಂದ್ಕೊಂಡಿದ್ದೆ’ ಎಂದು ಕೇಳಿದ್ದೀರಿ. ಕೇಳುವ ಹಕ್ಕು ನಿಮಗಿದೆ.

ಇಲ್ಲ ಅತ್ತಿಗೆ, ಕಸ ಗುಡಿಸಲು ಅಲ್ಲ. ನೀವು ನಿಮ್ಮ ಯೌವನವನ್ನೆಲ್ಲ ಕಳೆದಿರಲ್ಲ, ಬಿಳಿಯರ ಮನೆ ಹಿತ್ತಿಲಲ್ಲಿ ಕೋಳಿಗೂಡಿನ ಪಕ್ಕದ ಕೋಣೆ, ಅಂಥ ಕಡೆ ಲಿಂಡೆಲ್ವಾ ಮಲಗುವುದಿಲ್ಲ. ಮನೆಯೊಳಗೆ, ಅವರ ಮಗಳು ಬ್ರಿಡ್ಜೆಟ್ ಇರುವ ಕೋಣೆಯಲ್ಲೇ, ಕಿಟಕಿ ಪಕ್ಕದ ಮಂಚದ ಮೇಲೆ ಮಲಗುತ್ತಾಳೆ. ಮೇಜಿಗೆ ಕೂತು ಅವರ ಜೊತೆಗೇ ಉಣ್ಣುತ್ತಾಳೆ. ಆ ಮನೆಯಿಂದ ಶಾಲೆಗೆ ನಡೆದೇ ಹೋಗಬಹುದು. ಶಾಲೆಯ ದಿನಗಳಲ್ಲಿ ಅಲ್ಲಿ, ಶನಿವಾರ ಭಾನುವಾರ ನನ್ನ ಹತ್ತಿರ ಎಂದು ಮಾತಾಗಿತ್ತು. ಈಚೆಗೆ ಶನಿವಾರ ಹಾಕಿ ಆಟ ಇರುತ್ತದೆ. ಆಟ ಮುಗಿದ ಮೇಲೆ ಸುಸ್ತಾಗುತ್ತದೆ. ಇವತ್ತು ಭಾನುವಾರ, ಅವಳು ಬಂದಿಲ್ಲ.

ಮೊದಲಿನಿಂದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಬಿಳಿಯರಿಗಷ್ಟೇ ಇದ್ದ ಆ ಶಾಲೆಗೇ ಸೇರಿಸಬೇಕು ಎಂದು ಹಟ ಹಿಡಿದವರು ನಿಮ್ಮ ತಮ್ಮ. ನಮಗೂ ಓಟು ಸಿಕ್ಕ ಚುನಾವಣೆ ಆದ ವರ್ಷ ಅದು. ಬಂದರಿನ ಕೆಲಸಕ್ಕೆ ರಜೆ ಹಾಕಿ, ಮದುವೆಗೆ ಹೊಲಿಸಿದ ಕೋಟು ತೊಟ್ಟು, ಬೆಳಕು ಹರಿಯುವ ಮೊದಲೇ ಹೋಗಿ ಶಾಲೆಯ ಗೇಟಿನ ಮುಂದೆ ಸಾಲಿನಲ್ಲಿ ನಿಂತಿದ್ದರು. ತಿರುಗಿ ಬಂದಾಗ ಅವರ ಮುಖ ನೀವು ನೋಡಬೇಕಿತ್ತು. ‘ಆಯ್ತು ಕಣೇ! ಸೀಟು ಸಿಕ್ತು. ಆ ಹುಲ್ಲಿನ ಮೈದಾನ ಗೊತ್ತಲ್ಲ, ಚಿಕ್ಕವನಿದ್ದಾಗ ಅದರ ಬೇಲಿಯಾಚೆ ನಿಂತು ಚೆಂಡು ಎತ್ತಿ ಎತ್ತಿ ಕೊಡ್ತಿದ್ದೆ. ಇನ್ನು ನನ್ನ ಮಗಳು ಒಳಗೆ ಆಡ್ತಾಳೆ, ಯಾರಾದ್ರೂ ಎತ್ತಿಕೊಡಲಿ’ ಎಂದು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದರು. ಆವತ್ತಿನಿಂದ ದಿನವೂ ಇಂಗ್ಲಿಷ್ ಪೇಪರ್ ತರುವರು. ಲಿಂಡೆಲ್ವಾ ಪಕ್ಕದ ಮನೆಗೆ ಟೀವಿ ನೋಡಲು ಓಡಿದ ಮೇಲೆ ಅದನ್ನು ಮೇಜಿನ ಮೇಲೆ ಹರಡಿ ಗಟ್ಟಿಯಾಗಿ ಓದುವರು, ನಾನು ಇಸ್ತ್ರಿ ಮಾಡುತ್ತ ಕೇಳುತ್ತಿದ್ದೆ. ನನ್ನ ಬದುಕಿನ ಒಳ್ಳೆಯ ಸಂಜೆಗಳು ಅವು.

ಅವರು ಬಸ್ಸಿನಲ್ಲೇ ಹೋಗಿಬಿಟ್ಟದ್ದು, ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಾರೆಂದು ಕೊನೆಯ ನಿಲ್ದಾಣದವರೆಗೂ ಯಾರೂ ಎಬ್ಬಿಸದೆ ಹೋದದ್ದು, ಅದನ್ನು ಮತ್ತೆ ಬರೆಯುವುದಿಲ್ಲ.

ಮಣ್ಣಾದ ಮೇಲೆ ನೀವೇ ನನಗೆ ಕರಿ ಬಟ್ಟೆ ತೊಡಿಸಿ ಶಾಲಿಗೆ ಪಿನ್ನು ಹಾಕಿದಿರಿ. ಲಿಂಡೆಲ್ವಾಳ ತಲೆ ಬೋಳಿಸಿ, ತೋಳಿಗೆ ಕರಿ ಬಟ್ಟೆಯ ಪುಟ್ಟ ತುಂಡು ಸಿಕ್ಕಿಸಿ, ವರ್ಷ ತುಂಬುವವರೆಗೆ ತೆಗೆಯಬೇಡ ಎಂದಿರಿ. ಅವಳು ಅದನ್ನು ಹಾಕಿಕೊಂಡೇ ಶಾಲೆಗೆ ಹೋದಳು. ಟೀಚರು ‘ಇದು ಸಮವಸ್ತ್ರದಲ್ಲಿ ಇಲ್ಲ, ತೆಗಿ’ ಎಂದರಂತೆ. ಕೆಟ್ಟವರಲ್ಲ ಅತ್ತಿಗೆ. ಅವರು ಅದನ್ನು ಯಾವುದೋ ಪಕ್ಷದ ಗುರುತು ಎಂದುಕೊಂಡರು. ‘ಅಪ್ಪ ತೀರಿಕೊಂಡರು, ಅದಕ್ಕೆ ಅಂತ ಹೇಳಬಾರದಿತ್ತೇನೇ?’ ಎಂದು ಕೇಳಿದೆ. ‘ಹೇಳಿದ್ರೆ ಎಲ್ಲರೂ ಅಯ್ಯೋ ಅಂತಾರಮ್ಮ. ನಂಗೆ ಅಯ್ಯೋ ಅನಿಸ್ಕೊಳ್ಳೋದು ಇಷ್ಟ ಇಲ್ಲ’ ಎಂದಳು. ಆಮೇಲೆ ಗೇಟಿನ ಹತ್ತಿರ ತೆಗೆದು ಜೇಬಿಗೆ ಹಾಕಿಕೊಳ್ಳುವುದು, ವಾಪಸು ಬರುವಾಗ ಟ್ಯಾಕ್ಸಿ ವ್ಯಾನಿನಲ್ಲಿ ಮತ್ತೆ ಸಿಕ್ಕಿಸಿಕೊಳ್ಳುವುದು ಮಾಡುತ್ತಿದ್ದಳು. ಒಂದು ದಿನ ಸಿಕ್ಕಿಸಿಕೊಳ್ಳಲು ಮರೆತು ಬಂದಳು. ನಾನು ಊಟಕ್ಕೆ ಬಡಿಸಿದೆ.

ಆ ಶಾಲೆಯಲ್ಲಿ ಈಗ ಎಲ್ಲ ಬಣ್ಣದ ಮಕ್ಕಳೂ ಇದ್ದಾರೆ. ಗೋಡೆಯ ಮೇಲೆ ಬೇರೆ ಬೇರೆ ಬಣ್ಣದ ಕೈಗಳು ಒಂದನ್ನೊಂದು ಹಿಡಿದ ಚಿತ್ರ ಬರೆಸಿದ್ದಾರೆ. ಊಟದ ಬಿಡುವಿನಲ್ಲಿ ಬಿಳಿ ಹುಡುಗಿಯರು ಮರದ ಕೆಳಗೆ, ಇಂಡಿಯನ್ ಹುಡುಗಿಯರು ಮೆಟ್ಟಿಲ ಮೇಲೆ, ನಮ್ಮವರು ಗೋಡೆಯ ಪಕ್ಕ ಕೂರುತ್ತಾರಂತೆ. ನಮ್ಮವರಲ್ಲೇ ಎರಡು ಬೆಂಚು. ಕಾರಿನಲ್ಲಿ ಬಂದಿಳಿಯುವವರದು ಒಂದು, ಟ್ಯಾಕ್ಸಿಯಲ್ಲಿ ಒಬ್ಬರ ಮೇಲೊಬ್ಬರು ಕೂತು ಬರುವವರದು ಒಂದು. ಲಾಯರರ ಮಗಳು ಊನಾತಿ ಎಂಬುವಳೊಬ್ಬಳಿದ್ದಾಳೆ. ಬಿಳಿಯರ ಬೀದಿಯಲ್ಲಿ ಮನೆ ಕೊಂಡಿದ್ದಾರೆ. ಅವಳು ಲಿಂಡೆಲ್ವಾಳ ಸ್ವೆಟರ್ ಮೂಸಿ, ‘ಅಯ್ಯೋ, ಇವತ್ತೂ ಸೀಮೆಎಣ್ಣೆ ಸೆಂಟು ಹಾಕ್ಕೊಂಡು ಬಂದಿದೀಯಲ್ಲೇ, ಯಾವ ಅಂಗಡೀದು?’ ಎಂದಳಂತೆ. ಬಿಳಿಯರಿಗೆ ತಿಳಿಯಬಾರದೆಂದು ನಮ್ಮ ಭಾಷೆಯಲ್ಲೇ ಅಂದಳಂತೆ. ಆವತ್ತು ಬಂದವಳೇ ಸ್ವೆಟರನ್ನು ತಣ್ಣೀರಿನಲ್ಲಿ ಮೂರು ಸಲ ಒಗೆದು ಹಿತ್ತಿಲಲ್ಲಿ ಹರವಿದಳು. ಆಮೇಲೆ ನಾನು ಸ್ಟವ್ ಹಚ್ಚುವ ಮುಂಚೆ ಅವಳ ಬಟ್ಟೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಿದ್ದೆ. ಆದರೂ ವಾಸನೆ ಹೋಗಲಿಲ್ಲ. ಕೂದಲಿಗೆ ಅಂಟಿರುತ್ತದೆ ಎಂದು ಕಾಣುತ್ತದೆ.

ಬ್ರಿಡ್ಜೆಟ್‌ಗೆ ಆ ವಾಸನೆ ಏನೆಂದೇ ಗೊತ್ತಿರಲಿಲ್ಲವಂತೆ. ‘ನಿನ್ನ ಸ್ವೆಟರಿಂದ ಕ್ಯಾಂಪಿಂಗ್ ವಾಸನೆ ಬರುತ್ತೆ, ಚೆನ್ನಾಗಿದೆ’ ಎಂದಳಂತೆ. ಹಾಗೆ ಸ್ನೇಹವಾಯಿತು. ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ ಬಂದವಳು ನನ್ನ ಮುಂದೆ ಕೂತು, ‘ಅಲ್ಲಿ ಊಟಕ್ಕೆ ಕೂತ್ರೆ ಎಲ್ಲರೂ ಒಟ್ಟೊಟ್ಟಿಗೇ ಮಾತಾಡ್ತಾರಮ್ಮ. ಯಾರೂ ಯಾರ ಮಾತೂ ಕೇಳಲ್ಲ. ಮಧ್ಯದಲ್ಲಿ ನಾಯಿ ಬೇರೆ ಬೊಗಳುತ್ತೆ’ ಎಂದಳು. ದೂರು ಹೇಳುತ್ತಿದ್ದಾಳೆ ಎಂದುಕೊಂಡು, ‘ಪಾಪ, ತಲೆನೋವು ಬಂತೇನೋ’ ಎಂದೆ. ಅವಳು ನನ್ನನ್ನೊಮ್ಮೆ ನೋಡಿ ಎದ್ದು ಹೋದಳು. ಹೊಗಳಿದ್ದು ಎಂದು ಆಮೇಲೆ ತಿಳಿಯಿತು.

ನಮ್ಮ ಮನೆಯಲ್ಲಿ ರೇಡಿಯೋಗೆ ಬಟ್ಟೆ ಮುಚ್ಚಿದ್ದೇನೆ. ಜೋರಾಗಿ ನಗುವ ಹಾಗಿಲ್ಲ. ನಾನು ಮಾತಾಡಿದರೆ ಪಕ್ಕದಲ್ಲಿರುವವರಿಗಷ್ಟೇ ಕೇಳಬೇಕು. ಇದೆಲ್ಲ ನಾನೇ ಮನಸಾರೆ ಮಾಡುತ್ತಿದ್ದೇನೆ ಅತ್ತಿಗೆ, ದೂರುತ್ತಿಲ್ಲ. ಅಂಥ ಗಂಡನಿಗೆ ಒಂದು ವರ್ಷದ ಮೌನ ದೊಡ್ಡದಲ್ಲ. ಆದರೆ ಹದಿಮೂರು ವರ್ಷದವಳ ಕಿವಿಗೆ ಅದು ಹೇಗೆ ಕೇಳುತ್ತಿತ್ತೋ.

ಸೋಮವಾರ

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ. ಈಗ ಕೆಲಸದಿಂದ ಬಂದು ಚಹಾ ಮಾಡಿಕೊಂಡು ಕೂತಿದ್ದೇನೆ.

ಶಾಲೆಯಲ್ಲಿ ತಂದೆತಾಯಿಗಳ ಸಭೆ ಯಾವಾಗಲೂ ದೀಪ ಹಚ್ಚುವ ಹೊತ್ತಿಗೆ ಇರುತ್ತದೆ, ಕೆಲಸಕ್ಕೆ ಹೋಗುವವರಿಗೆ ಅನುಕೂಲವಾಗಲಿ ಎಂದು. ಆ ಹೊತ್ತಿಗೆ ನಾನು ಹೊರಗಿರುವ ಹಾಗಿಲ್ಲ. ಹಾಗಾಗಿ ಒಂದು ಸಭೆಗೂ ಹೋಗಲಿಲ್ಲ. ಲಿಂಡೆಲ್ವಾ ಏನು ಕಾರಣ ಹೇಳಿದಳೋ ಕೇಳಲಿಲ್ಲ. ಅವಳು ಬೆಳಿಗ್ಗೆ ಕತ್ತಲಲ್ಲೇ ಎದ್ದು ಟ್ಯಾಕ್ಸಿಗೆ ಕಾಯುವುದು, ತರಗತಿಯಲ್ಲಿ ತೂಕಡಿಸುವುದು, ತಾಯಿ ಒಮ್ಮೆಯೂ ಮುಖ ತೋರಿಸದಿರುವುದು, ಇದನ್ನೆಲ್ಲ ಸೇರಿಸಿ ಹೆಡ್‌ಮಿಸ್ಟ್ರೆಸ್ ಮಿಸ್ ಟಾರಂಟ್ ಅವರು ಮನೆಯಲ್ಲಿ ಏನೋ ಸರಿಯಿಲ್ಲ ಎಂದುಕೊಂಡಿದ್ದಾರೆ. ಬ್ರಿಡ್ಜೆಟ್‌ಳ ತಾಯಿ ಮಿಸೆಸ್ ಫೌಲ್ಡ್ಸ್ ‘ನಮ್ಮನೇಲಿ ಇನ್ನೊಂದು ಮಂಚ ಇದೆ’ ಎಂದಿದ್ದಾರೆ. ಈಸ್ಟರ್ ರಜೆಯಲ್ಲಿ ಒಂದು ಶನಿವಾರ ಬೆಳಿಗ್ಗೆ ಮಾತಾಡೋಣ ಬನ್ನಿ ಎಂದು ನನ್ನನ್ನು ಕರೆಸಿದರು. ಬೆಳಗಿನ ಹೊತ್ತಾದ್ದರಿಂದ ಹೋದೆ.

ನಿಮಗೆ ನಗು ಬರುತ್ತದೋ ಕೋಪ ಬರುತ್ತದೋ, ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ಸೂತಕದವಳು ಇನ್ನೊಬ್ಬರ ಮನೆಯ ಮುಂಬಾಗಿಲಲ್ಲಿ ಹೊಗಬಾರದಲ್ಲ, ಅವರಿಗೆ ಒಳ್ಳೆಯದಲ್ಲ ಎಂದು ನಾನು ಹಿಂದಿನಿಂದ ಬಳಸಿ ಅಡುಗೆಮನೆ ಬಾಗಿಲಿಗೆ ಹೋದೆ. ಅಲ್ಲಿ ಕೆಲಸದ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು. ನಮ್ಮವಳೇ, ನನ್ನ ವಯಸ್ಸಿನವಳು. ನನ್ನ ಬಟ್ಟೆ ನೋಡಿದವಳೇ ಕೈ ಒರೆಸಿಕೊಂಡು ತಲೆ ಬಗ್ಗಿಸಿ, ‘ಸಮಾಧಾನ ಮಾಡ್ಕೋ ತಾಯಿ’ ಎಂದಳು. ಆ ಬೀದಿಯಲ್ಲಿ ಅಷ್ಟು ಹೇಳಿದವಳು ಅವಳೊಬ್ಬಳೇ. ಅಷ್ಟರಲ್ಲಿ ಮಿಸೆಸ್ ಫೌಲ್ಡ್ಸ್ ಓಡಿ ಬಂದರು. ‘ಅಯ್ಯೋ, ಬೇಡ ಬೇಡ! ಹಿಂಬಾಗಿಲು ಯಾಕೆ? ಆ ಕಾಲ ಹೋಯ್ತು. ಮುಂದಿನಿಂದ ಬನ್ನಿ, ದಯವಿಟ್ಟು!’ ಎಂದು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಮನೆ ಸುತ್ತಿಸಿ, ಮುಂಬಾಗಿಲಿನಿಂದ ಒಳಗೆ ಕರೆತಂದರು. ಕೈ ಚಾಚಿದರು. ನಾನು ಕೈ ಕೊಡುವ ಹಾಗಿರಲಿಲ್ಲ. ಶಾಲಿನೊಳಗೇ ಇಟ್ಟುಕೊಂಡೆ. ಅವರ ಮುಖ ಸಣ್ಣದಾಯಿತು.

ಮೆತ್ತನೆಯ ಸೋಫಾ ತೋರಿಸಿದರು. ನಾನು ಬಾಗಿಲ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತೆ. ನೀವು ಹೇಳಿಕೊಟ್ಟ ಹಾಗೆಯೇ, ಕಣ್ಣು ಕೆಳಗೆ. ಆಮೇಲೆ ಮಿಸೆಸ್ ಫೌಲ್ಡ್ಸ್ ‘ಹಾಗಾದ್ರೆ ನಾವೂ ಇಲ್ಲೇ’ ಎಂದು ನನ್ನೆದುರು ಕಂಬಳಿಯ ಮೇಲೆ ಕೂತುಬಿಟ್ಟರು. ಅವರು ಕೂತರೆಂದು ಮಿಸ್ ಟಾರಂಟ್ ಕೂಡ, ಆ ಬಿಗಿಯಾದ ಲಂಗದಲ್ಲಿ, ಕುರ್ಚಿ ಹಿಡಿದುಕೊಂಡು, ‘ಅಮ್ಮಾ’ ಎನ್ನುತ್ತ ಮಂಡಿಯೂರಿದರು. ನಾಯಿ ಬಂದು ಅವರ ಮಡಿಲು ಹತ್ತಿತು. ಚಹಾ ತಂದ ಕೆಲಸದವಳು ಬಾಗಿಲಲ್ಲಿ ನಿಂತು, ಯಜಮಾನತಿಯೇ ನೆಲದ ಮೇಲಿರುವಾಗ ತಟ್ಟೆ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದಳು. ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನಿಮ್ಮ ತಮ್ಮ ಇದ್ದಿದ್ದರೆ ಇದನ್ನು ಕೇಳಿ ವಾರಗಟ್ಟಲೆ ನಗುತ್ತಿದ್ದರು.

ಲಿಂಡೆಲ್ವಾ ಮಾತ್ರ ನಿಂತೇ ಇದ್ದಳು. ಅವಳ ಬಿಳಿ ಕಾಲುಚೀಲವಷ್ಟೇ ನನಗೆ ಕಾಣುತ್ತಿತ್ತು. ‘ಅಮ್ಮ, ಎದ್ದು ಮೇಲೆ ಕೂತ್ಕೋ, ಪ್ಲೀಸ್’ ಎಂದು ಹಲ್ಲು ಕಚ್ಚಿಕೊಂಡು ನಮ್ಮ ಭಾಷೆಯಲ್ಲಿ ಹೇಳಿದಳು. ‘ಆಗಲ್ಲ ಮಗಳೇ, ನಿಂಗೊತ್ತಲ್ಲ’ ಎಂದೆ. ‘ಇವರಿಗೆ ಗೊತ್ತಿಲ್ಲ!’ ಎಂದಳು. ‘ನೀನು ಹೇಳು.’ ಅವಳು ಹೇಳಲಿಲ್ಲ.

ಆಮೇಲೆ ಅವರು ವಿಷಯ ಎತ್ತಿದರು. ಒಂದು ಮಾತೂ ಕೆಟ್ಟದ್ದಿರಲಿಲ್ಲ. ಬುದ್ಧಿವಂತ ಹುಡುಗಿ, ನಿದ್ದೆಗೆಟ್ಟು ಹಿಂದೆ ಬೀಳುತ್ತಿದ್ದಾಳೆ, ಶಾಲೆಯ ದಿನಗಳಲ್ಲಿ ಇಲ್ಲಿರಲಿ, ನಿಮಗೆ ಒಪ್ಪಿಗೆಯೆ ಎಂದು ಕೇಳಿದರು. ಲಿಂಡೆಲ್ವಾ ಒಂದೊಂದನ್ನೂ ನನಗೆ ನಮ್ಮ ಭಾಷೆಗೆ ಮಾಡಿ ಹೇಳಿದಳು. ನಾನು ಬೇಡ ಎಂದೇ ಹೇಳಿದೆ ಅತ್ತಿಗೆ. ಆದರೆ ಸೂತಕದವಳು ಹೇಳಬೇಕಾದ ಹಾಗೆ, ಮೆತ್ತಗೆ, ತಲೆ ತಗ್ಗಿಸಿಕೊಂಡು ಹೇಳಿದೆ. ತಗ್ಗಿದ ತಲೆಯನ್ನು ಅವರು ಹೂಂ ಎಂದುಕೊಂಡರು. ಲಿಂಡೆಲ್ವಾಗೂ ನನ್ನ ಮಾತು ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ನಾಯಿ ಬೇರೆ ಬೊಗಳುತ್ತಿತ್ತು. ನೋಡನೋಡುತ್ತ ಎಲ್ಲರೂ ನಗುತ್ತಿದ್ದರು. ಮಿಸೆಸ್ ಫೌಲ್ಡ್ಸ್ ಕಣ್ಣೊರೆಸಿಕೊಳ್ಳುತ್ತ ಏನೇನೋ ಹೇಳುತ್ತಿದ್ದರು. ಬ್ರಿಡ್ಜೆಟ್ ಮಹಡಿಯಿಂದ ಧಡಧಡ ಇಳಿದು ಬಂದು ಲಿಂಡೆಲ್ವಾಳನ್ನು ತಬ್ಬಿಕೊಂಡಳು. ಒಪ್ಪಿಗೆ ಆಗಿಹೋಗಿತ್ತು. ಅದನ್ನು ಹಿಂದಕ್ಕೆ ತರಬೇಕಾದರೆ ನಾನು ಎದ್ದು ನಿಂತು ಗಟ್ಟಿಯಾಗಿ ಕೂಗಬೇಕಿತ್ತು. ಕರಿ ಬಟ್ಟೆ ಉಟ್ಟು ಕೂಗುವುದು ಹೇಗೆ? ನೀವೇ ಹೇಳಿ.

ನಿಮ್ಮ ಪ್ರಶ್ನೆಗೆ ಇದೇ ಉತ್ತರ. ನಾನು ಕೊಟ್ಟದ್ದಲ್ಲ, ಮಾತು ಮುಟ್ಟಲಿಲ್ಲ ಅಷ್ಟೆ.

ಮೊದಲ ಸೋಮವಾರ ಅವಳನ್ನು ಕಳಿಸಿದಾಗ ಅವಳ ಚೀಲಕ್ಕೆ ನಾಲ್ಕು ಕರಿದ ಹಿಟ್ಟಿನುಂಡೆ ಹಾಕಿದ್ದೆ. ಶುಕ್ರವಾರ ಅವು ಹಾಗೇ ವಾಪಸು ಬಂದವು. ‘ಅಲ್ಲಿ ತುಂಬಾ ತಿಂಡಿ ಇರುತ್ತಮ್ಮ, ಮರೆತೇಹೋಯ್ತು’ ಎಂದಳು. ಕಾಲುಚೀಲಗಳು ಮಾತ್ರ ಬೆಳ್ಳಗೆ ಒಗೆದು ಇಸ್ತ್ರಿಯಾಗಿದ್ದವು. ‘ನೀನೇ ಒಗೆದೆಯಾ?’ ಎಂದೆ. ‘ನಾನು ಒಗೀತೀನಿ ಅಂದೆ. ಬಿಡಲ್ಲ ಅವರು. ಅದು ಗ್ಲಾಡಿಸ್ ಕೆಲಸ ಅಂತಾರೆ.’ ಗ್ಲಾಡಿಸ್ ಎಂದರೆ ಆ ಕೆಲಸದ ಹೆಂಗಸು. ನಮ್ಮವರ ಮಗಳು ನನ್ನ ವಯಸ್ಸಿನವಳನ್ನು ಬರಿ ಹೆಸರು ಹಿಡಿದು ಕರೆದದ್ದು ಕೇಳಿ ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಅದು ಅವಳಿಗೂ ತಿಳಿಯಿತು. ‘ಮತ್ತೇನಂತ ಕರೀಲಿ? ಅಮ್ಮ ಅಂದ್ರೆ ಬ್ರಿಡ್ಜೆಟ್ ನಗ್ತಾಳೆ. ಗ್ಲಾಡಿಸ್ ಅಂದ್ರೆ ಅವರು ನನ್ನ ಮುಖಾನೇ ನೋಡಲ್ಲ. ಹೋಗ್ಲಿ ಅಂತ ಏನೂ ಕರೆಯೋದಿಲ್ಲ ಈಗ’ ಎಂದಳು. ಅವಳಿಗೂ ಅಲ್ಲಿ ಸುಲಭವಿಲ್ಲ ಅತ್ತಿಗೆ. ಟ್ಯಾಕ್ಸಿ ಬೆಂಚಿನವರು ಈಗ ಅವಳನ್ನು ‘ತೆಂಗಿನಕಾಯಿ’ ಎನ್ನುತ್ತಾರಂತೆ, ಹೊರಗೆ ಕಂದು, ಒಳಗೆ ಬಿಳಿ ಎಂದು. ಕಾರಿನವರ ಬೆಂಚಿಗೆ ಇವಳು ಹೋಗುವುದಿಲ್ಲ. ಮರದ ಕೆಳಗೆ ಬ್ರಿಡ್ಜೆಟ್ ಇದ್ದ ದಿನ ಸರಿ, ಅವಳಿಗೆ ಜ್ವರ ಬಂದ ದಿನ ಇವಳು ಲೈಬ್ರರಿಗೆ ಹೋಗಿ ಕೂರುತ್ತಾಳಂತೆ.

ಅವಳ ಅಂಕಗಳು ಏರಿವೆ. ಅದನ್ನೂ ಹೇಳಬೇಕು. ಗಣಿತದಲ್ಲಿ ತರಗತಿಗೇ ಎರಡನೆಯವಳು. ನಿಮ್ಮ ತಮ್ಮನ ಮೈದಾನದಲ್ಲಿ ಆಡುತ್ತಿದ್ದಾಳೆ, ಎಡಗಡೆ ಓಡುವವಳಂತೆ. ಒಂದು ಶನಿವಾರ ಹೋಗಿ ಬೇಲಿಯ ಹೊರಗೆ ನಿಂತು ನೋಡಿ ಬಂದೆ. ಕರಿ ಬಟ್ಟೆಯಲ್ಲಿ ಒಳಗೆ ಆಟದ ಜಾಗಕ್ಕೆ ಹೋಗುವುದು ಬೇಡ ಎನಿಸಿತು. ಚೆಂಡು ಒಮ್ಮೆ ಬೇಲಿ ದಾಟಿ ನನ್ನ ಕಾಲ ಹತ್ತಿರ ಉರುಳಿ ಬಂತು. ಎತ್ತಿ ಎಸೆದೆ. ಯಾವುದೋ ಹುಡುಗಿ ಹಿಡಿದು ‘ಥ್ಯಾಂಕ್ಯೂ’ ಎಂದಳು. ಲಿಂಡೆಲ್ವಾ ಆಚೆ ತುದಿಯಲ್ಲಿದ್ದಳು, ನೋಡಿದಳೋ ಇಲ್ಲವೋ.

ಈಗ ಮುಖ್ಯ ವಿಷಯ. ಜುಲೈ ರಜೆಯಲ್ಲಿ ನನ್ನ ಕರಿ ಬಟ್ಟೆ ತೆಗೆಸುವ ಶಾಸ್ತ್ರಕ್ಕೆ ನಾವು ಊರಿಗೆ ಬರುತ್ತೇವೆ. ಕುರಿಯ ವಿಷಯ, ಬಿಯರಿಗೆ ಜೋಳ ನೆನೆಹಾಕುವ ವಿಷಯ ನೀವು ಹೇಳಿದಂತೆಯೇ ಆಗಲಿ. ಲಿಂಡೆಲ್ವಾ ಖಂಡಿತ ಬರುತ್ತಾಳೆ. ಫೌಲ್ಡ್ಸ್ ಮನೆಯವರನ್ನೂ ಕರೆದಿದ್ದಾಳಂತೆ, ಅವರು ಕಾರಿನಲ್ಲಿ ಬರುತ್ತಾರೆ. ಅವರು ಬಾಗಿಲಲ್ಲಿ ನಿಂತರೆ ನೀವು ಒಳಗೆ ಕರೆಯಬೇಕು, ಅವರಿಗೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಕುರ್ಚಿ ಕೊಡಿ. ಕೊಡದಿದ್ದರೆ ನೆಲದ ಮೇಲೆ ಕೂತುಬಿಡುತ್ತಾರೆ.

ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಹುಡುಗಿಯನ್ನು ಬೈಯಬೇಡಿ. ಎಲ್ಲರ ಮುಂದೆ ‘ಬಿಳಿಯರ ಮಗಳು ಬಂದ್ಲು’ ಎನ್ನಬೇಡಿ. ಅವಳ ತೋಳಿನ ಕರಿ ತುಂಡು ಎಲ್ಲಿ ಎಂದು ಅವಳನ್ನು ಕೇಳಬೇಡಿ. ಅದು ನನ್ನ ಹತ್ತಿರ ಇದೆ, ನನ್ನ ರವಿಕೆಯ ಒಳಗಡೆ ಪಿನ್ನು ಹಾಕಿಕೊಂಡಿದ್ದೇನೆ. ನನ್ನ ಬಟ್ಟೆಯ ಜೊತೆ ಅದನ್ನೂ ಸುಟ್ಟರಾಯಿತು. ವರ್ಷ ಪೂರ್ತಿ ಅದು ಒಬ್ಬರಲ್ಲ ಒಬ್ಬರ ಮೈಮೇಲೆ ಇತ್ತು ಎಂದು ನಿಮ್ಮ ತಮ್ಮನಿಗೆ ಹೇಳಬಹುದು.

ಹಿರಿಯರು ನಿಮ್ಮನ್ನು ಕಾಯಲಿ. ಮಂಡಿಗೆ ಬಿಸಿ ಎಣ್ಣೆ ಹಚ್ಚಿ. ಚಳಿಗೆ ಬಾಗಿಲ ಸಂದು ಮುಚ್ಚಿಕೊಳ್ಳಿ. ನಿಮ್ಮ ಮನೆಯ ಒಲೆ ಆರದಿರಲಿ.

ನಿಮ್ಮ ತಮ್ಮನ ಹೆಂಡತಿ,
ನೊಝಮೀಲೆ

ತಾ.ಕ. — ಈ ಹಾಳೆಯನ್ನು ನೀವೊಬ್ಬರೇ ಓದಿ.

ಆ ಮನೆಯ ಕೆಲಸದವಳು, ಅವಳ ನಿಜವಾದ ಹೆಸರು ನೊಫೆಝೀಲೆ, ನಿಮ್ಮ ಹೊಳೆಯಾಚೆಯ ಹಳ್ಳಿಯವಳು. ಜೂನ್ ಕೊನೆಗೆ ರಜೆಯ ಮೇಲೆ ಊರಿಗೆ ಬರುತ್ತಾಳೆ. ಆವತ್ತು ಚಹಾ ಕೊಡುತ್ತ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಹೊರಟಾಗ ಗೇಟಿನವರೆಗೆ ಬಂದು, ನನ್ನ ತವರಿನ ಕುಲದ ಹೆಸರು ಕೇಳಿಕೊಂಡು, ಅದನ್ನೇ ಹಿಡಿದು ಮರ್ಯಾದೆಯಿಂದ ಹೇಳಿದಳು: ‘ಮಾಬೇಲೆ, ನೀನು ಹೇಳಿದ್ದೇ ಒಂದು, ನಿನ್ನ ಮಗಳು ಇಂಗ್ಲಿಷಲ್ಲಿ ಅಂದಿದ್ದೇ ಒಂದು. ನಂಗೆ ಎರಡೂ ಕೇಳಿಸ್ತು. ಈಗಲೇ ಒಳಗೆ ಹೋಗಿ ಹೇಳ್ತೀನಿ, ಹೂಂ ಅನ್ನು ಸಾಕು.’ ನಾನು ಬೇಡ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವಳ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳುವುದು ಒಳ್ಳೆಯದು.

ನಾಯಿ ಬೊಗಳಲಿಲ್ಲ ಅತ್ತಿಗೆ. ನನ್ನ ಮಾತು ಲಿಂಡೆಲ್ವಾಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಹೇಳಿದ್ದು ಇಷ್ಟು: ‘ನಿಮ್ಮ ಒಳ್ಳೆಯ ಮನಸ್ಸಿಗೆ ಕೈ ಮುಗೀತೀನಿ. ಆದ್ರೆ ಇವಳನ್ನ ಕೊಡೋಕಾಗಲ್ಲ. ದೀಪ ಹಚ್ಚಿದ ಮೇಲೆ ಆ ಮನೇಲಿ ಉಸಿರಾಡೋ ಸದ್ದು ಅಂತ ಇರೋದು ಇವಳದೊಂದೇ.’ ಲಿಂಡೆಲ್ವಾ ಬಗ್ಗಿ ಕಾಲುಚೀಲ ಎಳೆದುಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ, ‘ಅಮ್ಮ ನಿಮಗೆ ಕೃತಜ್ಞತೆ ಹೇಳ್ತಿದಾರೆ. ಅವರಿಗೆ ಪೂರ್ತಿ ಒಪ್ಪಿಗೆ. ನಾನು ಇಲ್ಲಿದ್ರೆ ಅವರಿಗೂ ನಿಶ್ಚಿಂತೆಯಂತೆ’ ಎಂದಳು.

ನನಗೆ ತಿಳಿಯಿತು. ಪ್ರತಿ ಮಾತೂ ತಿಳಿಯಿತು. ಆ ಸಂಜೆಗಳಲ್ಲಿ ನಿಮ್ಮ ತಮ್ಮ ಪೇಪರ್ ಓದುತ್ತಿದ್ದದ್ದು ತಮಗಲ್ಲ, ನನಗೆ. ಒಂದೊಂದು ಸಾಲಿಗೂ ನಿಲ್ಲಿಸಿ ನನ್ನ ಬಾಯಲ್ಲಿ ಹೇಳಿಸುತ್ತಿದ್ದರು, ತಪ್ಪಿದರೆ ಇಸ್ತ್ರಿಪೆಟ್ಟಿಗೆ ಕಸಿದುಕೊಳ್ಳುತ್ತಿದ್ದರು. ಒಂದು ದಿನ ಶಾಲೆಯ ಸಭೆಗೆ ಹೋಗಿ ಮಗಳ ಮುಂದೆ ಇಂಗ್ಲಿಷಿನಲ್ಲಿ ಮಾತಾಡಿ ಅವಳನ್ನು ಬೆರಗುಗೊಳಿಸಬೇಕು ಎಂದು ನಮ್ಮಿಬ್ಬರದೊಂದು ಗುಟ್ಟಿತ್ತು. ಅದಕ್ಕೆ ಮೊದಲೇ ಅವರು ಹೋದರು. ತನ್ನ ತಾಯಿಗೆ ‘ಯೆಸ್ ಮೇಡಂ’ ಬಿಟ್ಟು ಏನೂ ಬಾರದೆಂದು ಲಿಂಡೆಲ್ವಾ ಇವತ್ತಿಗೂ ತಿಳಿದಿದ್ದಾಳೆ.

ಮಿಸ್ ಟಾರಂಟ್ ಒಳ್ಳೆಯವರು, ಅಷ್ಟಕ್ಕೇ ಬಿಡಲಿಲ್ಲ. ಬಗ್ಗಿ ನನ್ನ ಮುಖ ನೋಡಿ, ‘ನಿಜವಾಗಿಯೂ ಒಪ್ಪಿಗೆಯೆ?’ ಎಂದು ನನ್ನನ್ನೇ ಕೇಳಿದರು. ಆಗ ನಾನು ಕಣ್ಣೆತ್ತಿದೆ. ಸೂತಕ ಹಿಡಿದ ಮೇಲೆ ಹೊರಗಿನವರ ಮುಂದೆ ಮೊದಲ ಸಲ ಕಣ್ಣೆತ್ತಿದ್ದು. ನನ್ನ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅವಳ ಮುಖ ಅಷ್ಟು ಹೆದರಿರಲಿಲ್ಲ. ನನ್ನ ಮನೆಯಿಂದ ಬಿಡಿಸಿಕೊಳ್ಳುವುದು ಅವಳಿಗೆ ಅಷ್ಟು ಬೇಕಾಗಿತ್ತು. ನಾನು ಹೂಂ ಎಂದು ತಲೆ ಆಡಿಸಿದೆ. ಯಾರೂ ತಪ್ಪು ತಿಳಿಯಲಿಲ್ಲ ಅತ್ತಿಗೆ. ನಾನೇ ಕೊಟ್ಟೆ.

ಅವಳಿಗೆ ಇದು ಎಂದೂ ತಿಳಿಯಬಾರದು. ಶಾಸ್ತ್ರದ ದಿನ ಹೊಸ ಬಟ್ಟೆ ಉಟ್ಟಮೇಲೆ ನಾನು ಎಲ್ಲರ ಮುಂದೆ ಗಟ್ಟಿಯಾಗಿ ಎರಡು ಮಾತು ಆಡಬೇಕಾಗುತ್ತದೆ. ಫೌಲ್ಡ್ಸ್ ಮನೆಯವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು ನೀವು ಬೇರೆ ಯಾರನ್ನೂ ಕರೆಯಬೇಡಿ. ಲಿಂಡೆಲ್ವಾಳೇ ನನ್ನ ಪಕ್ಕ ನಿಂತು ಹೇಳಲಿ. ಅವಳು ಬದಲಿಸಬೇಕಾಗಿ ಬಾರದಂಥ ಮಾತುಗಳನ್ನೇ ಹುಡುಕುತ್ತಿದ್ದೇನೆ, ದಿನಾ ಸಂಜೆ.

— ನೊ.